ಹಿಕರಿ ಬೇಡ, ಗಾಳಿಮರ ಸಾಕು

ಹಿಕರಿ ಎಂಬ ಮರವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಈ ಸೆಮಿಸ್ಟರಿನಲ್ಲಿ ಹಾಸ್ಟೆಲ್ ವಾಟ್ಸಾಪ್ ಗುಂಪಿನಲ್ಲಿ ಅದರ ಹೆಸರು ಓಡಾಡಿದಷ್ಟು ಯಾವ ಪ್ರೊಫೆಸರ್ ಹೆಸರೂ ಓಡಾಡಿಲ್ಲ. ಕಾರಣ ನಿಮಗೆ ಗೊತ್ತೇ ಇದೆ. ಡಿಸೆಂಬರಿನಲ್ಲಿ ಕನ್ನಡ ಸಂಘದ ವತಿಯಿಂದ ಮೀನು-ಕೋಳಿ ಸುಡುವ ಸಂಜೆ ಇಟ್ಟುಕೊಳ್ಳೋಣ ಅಂತ ತೀರ್ಮಾನವಾಯಿತು. ಯಾವ ಕಟ್ಟಿಗೆ ಅಂತ ಯಾರೋ ಕೇಳಿದರು. ಕೇಳಿದ ಐದೇ ನಿಮಿಷಕ್ಕೆ ಲಿಂಕ್‌ಗಳು ಬಂದು ಬಿದ್ದವು. ಹಿಕರಿ ಚಕ್ಕೆ, ಸೇಬಿನ ಮರದ ಚಕ್ಕೆ, ಚೆರ್ರಿ ಮರದ ಚಕ್ಕೆ, ಎಲ್ಲವೂ ಚಂದದ ಪ್ಯಾಕೆಟ್ಟಿನಲ್ಲಿ. ಒಂದು ಕೆಜಿ ಚಕ್ಕೆಯ ಬೆಲೆಗೆ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ತುಂಬ ಬಂಗಡೆ ಬರ್ತದೆ.

ಈ ಲೇಖನ ಬರೀತಿರುವ ನಾವು ನಾಲ್ವರು. ಇಬ್ಬರು ಅಂಕೋಲೆಯವರು, ಒಬ್ಬ ಕಾರವಾರದವ, ಇನ್ನೊಬ್ಬಳು ಗದಗದಿಂದ ಬಂದು ಎರಡನೇ ವರ್ಷಕ್ಕೇ ಮುಳ್ಳು ಬಿಡಿಸಿ ಮೀನು ತಿನ್ನೋದನ್ನು ನಮಗಿಂತ ಚೆನ್ನಾಗಿ ಕಲಿತವಳು. ನಮ್ಮ ಅಭಿಪ್ರಾಯ ಒಂದೇ: ಆ ಪ್ಯಾಕೆಟ್ ತರಿಸುವುದು ಬೇಡ. ದುಡ್ಡು ಉಳಿಸುವುದಕ್ಕಾಗಿ ಮಾತ್ರ ಹೇಳ್ತಿಲ್ಲ. ಮರದ ಹೆಸರು ನೋಡಿ ಕಟ್ಟಿಗೆ ಆರಿಸುವ ಪದ್ಧತಿ ನಾವು ಮಾಡುವ ಅಡುಗೆಗೆ ಹೊಂದುವುದೇ ಇಲ್ಲ. ಹೊಂದುವ ಕಟ್ಟಿಗೆ ನಮ್ಮೂರಲ್ಲೇ ಇದೆ, ಮತ್ತು ಅದಕ್ಕಿಂತ ಮುಖ್ಯವಾಗಿ, ಒಲೆಗೆ ಹಾಕಲೇಬಾರದ ಕಟ್ಟಿಗೆಯೂ ನಮ್ಮ ಸುತ್ತಲೇ ರಾಶಿ ಬಿದ್ದಿದೆ.

ಮೊದಲು ಹಿಕರಿಯ ವಿಷಯ ಮುಗಿಸೋಣ. ಅಮೆರಿಕದವರು ಸುಮ್ಮನೆ ಮರದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿಲ್ಲ. ಟೆಕ್ಸಾಸ್ ಕಡೆ ದನದ ಎದೆಯ ಭಾಗದ ದೊಡ್ಡ ತುಂಡನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ, ಹತ್ತು ಹನ್ನೆರಡು ಗಂಟೆ ಇಡ್ತಾರೆ. ಅಷ್ಟು ಹೊತ್ತು ಹೊಗೆ ಹರಿಯುತ್ತಲೇ ಇರುತ್ತದೆ. ಮರದಲ್ಲಿರುವ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲುಗಳಾಗಿ ಮಾಂಸದ ಹಸಿ ಮೈಗೆ ಕೂರುತ್ತವೆ. ಹೊಗೆಯ ರುಚಿ, ಹೊಗೆಯ ವಾಸನೆ ಅಂತ ನಾವು ಹೇಳೋದು ಬಹುಮಟ್ಟಿಗೆ ಇವುಗಳನ್ನೇ. ಇಡೀ ಹಗಲು ಹೊಗೆ ಕುಡಿದ ಮಾಂಸದಲ್ಲಿ ಓಕ್ ಯಾವುದು, ಹಿಕರಿ ಯಾವುದು ಎಂಬ ವ್ಯತ್ಯಾಸ ನಾಲಗೆಗೆ ತಿಳಿಯಬಹುದು.

ನಮ್ಮ ಬಂಗಡೆಗೆ ಎಷ್ಟು ಹೊತ್ತು ಬೇಕು? ಗೀರು ಹಾಕಿ, ಖಾರ ಹಚ್ಚಿ, ಕೆಂಡದ ಮೇಲಿಟ್ಟರೆ ಹತ್ತು ನಿಮಿಷ. ಸಿಗಡಿಗೆ ಅದರರ್ಧ. ಇಷ್ಟರೊಳಗೆ ಮರದ ಹೊಗೆ ಒಳಗಿಳಿಯಲು ಸಮಯವೇ ಇಲ್ಲ. ಸುಟ್ಟ ಮೀನಿಗೆ ಬರುವ ಘಮ ಬೇರೆ ಕಡೆಯಿಂದ ಬರುತ್ತದೆ. ಬಂಗಡೆ, ತಾರ್ಲೆ ಎರಡೂ ಎಣ್ಣೆ ಮೀನು. ಆ ಎಣ್ಣೆ ಕರಗಿ ತೊಟ್ಟಿಕ್ಕಿ ಕೆಂಡದ ಮೇಲೆ ಬೀಳುತ್ತದೆ, ಚುರ್ ಅನ್ನುತ್ತದೆ, ಆವಿಯಾಗಿ ಮೇಲೆದ್ದು ಮತ್ತೆ ಮೀನಿಗೇ ಮೆತ್ತಿಕೊಳ್ಳುತ್ತದೆ. ಕೆಳಗಿರುವ ಕೆಂಡ ಯಾವ ಮರದ್ದು ಅನ್ನೋದಕ್ಕಿಂತ, ಅದು ಪೂರ್ತಿ ಕೆಂಡವಾಗಿದೆಯೋ ಇನ್ನೂ ಅರ್ಧ ಕಟ್ಟಿಗೆಯಾಗಿಯೇ ಇದೆಯೋ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ. ಹೀಗಾಗಿ ನಮಗೆ ಬೇಕಾದದ್ದು ಒಳ್ಳೆ ಹೊಗೆ ಕೊಡುವ ಮರಕ್ಕಿಂತ ಒಳ್ಳೆ ಕೆಂಡ ಕೊಡುವ ಮರ. ಆ ಮರ ಯಾವುದು ಅಂತ ತಿಳಿಯೋದಕ್ಕೆ ಕಾರವಾರದಲ್ಲಿ ಇರುವವರು ಇಂಟರ್‌ನೆಟ್ಟಿಗೆ ಹೋಗಬೇಕಿಲ್ಲ, ಬೀಚಿಗೆ ಹೋದರೆ ಸಾಕು.

ಟಾಗೋರ್ ಬೀಚಿನ ಹಿಂದೆ ಸಾಲಾಗಿ ನಿಂತು ಸುಯ್ ಅನ್ನುವ ಗಾಳಿಮರವನ್ನು ನೀವೆಲ್ಲ ನೋಡಿದ್ದೀರಿ. ಸರ್ವೆ ಮರ ಅಂತಲೂ ಕರೀತಾರೆ, ಪುಸ್ತಕದಲ್ಲಿ ಕ್ಯಾಸುರಿನಾ. ಫೋಟೋ ತೆಗೆಸಿಕೊಳ್ಳಲು ಅದರಡಿ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಅದರ ಜಾತಕ ಗೊತ್ತು? ಈ ಮರ ನಮ್ಮ ಕರಾವಳಿಯದ್ದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದಾಗಿ ಆರು ವರ್ಷಕ್ಕೆ, 1868ರಲ್ಲಿ, ಕಾರವಾರದಲ್ಲಿ ಗಾಳಿಮರ ನೆಟ್ಟರು. ನೆಟ್ಟದ್ದು ನೆರಳಿಗಲ್ಲ, ಚಂದಕ್ಕಲ್ಲ, ಉರುವಲಿಗೆ. ಭಾರತದಲ್ಲಿ ಗಾಳಿಮರದ ಕತೆ ಹೇಳುವವರು ಸಾಮಾನ್ಯವಾಗಿ ಶುರುಮಾಡುವುದೇ ಈ ಕಾರವಾರದಿಂದ, ಈ ಇಸವಿಯಿಂದ. ಆಮೇಲೆ ಪೂರ್ವ ಕರಾವಳಿಯಲ್ಲೂ ಅದು ಹಬ್ಬಿತು, ಇವತ್ತು ತಮಿಳುನಾಡು, ಆಂಧ್ರದ ರೈತರು ಹೊಲದಲ್ಲೇ ಬೆಳೀತಾರೆ.

1883ರಲ್ಲಿ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಮುಂದೆ ಬರೆದ ‘ಜೀವನಸ್ಮೃತಿ’ಯಲ್ಲಿ ಅವರು ಕಾರವಾರದ ಕಡಲತೀರದ ಜೊತೆಗೆ ಗಾಳಿಮರದ ಕಾಡನ್ನೂ ನೆನಪಿಸಿಕೊಂಡಿದ್ದಾರೆ. 1868ಕ್ಕೂ 1883ಕ್ಕೂ ನಡುವೆ ಹದಿನೈದೇ ವರ್ಷ. ಅಂದರೆ ಕವಿ ಮೈಮರೆತು ನೋಡಿದ್ದು, ನಮ್ಮ ಲೆಕ್ಕದಲ್ಲಿ, ಸರ್ಕಾರದ ಕಟ್ಟಿಗೆ ತೋಟವನ್ನು! ಇದರಿಂದ ಕವಿಗೂ ಅವಮಾನವಿಲ್ಲ, ಕಟ್ಟಿಗೆಗೂ ಅವಮಾನವಿಲ್ಲ.

ಗದಗದ ನಮ್ಮ ಗೆಳತಿ ಮೊದಲ ಸಲ ಈ ಮರ ನೋಡಿ “ಇದು ಪೈನ್ ಅಲ್ವಾ?” ಅಂದಿದ್ದಳು. ಬಯಲುಸೀಮೆಯಿಂದ ಬರುವ ಬಹಳ ಜನ ಹಾಗೇ ಅಂದುಕೊಳ್ತಾರೆ. ವಾಟ್ಸಾಪಿನಲ್ಲೂ ಒಬ್ಬರು “ಪೈನ್ ಜಾತಿ ಮರದಲ್ಲಿ ಮಾಂಸ ಸುಡಬಾರದು, ರಾಳ ಇರ್ತದೆ, ಕಹಿ ಬರ್ತದೆ” ಅಂತ ಎಚ್ಚರಿಕೆ ಹಾಕಿದ್ದರು. ಪೈನ್ ವಿಷಯದಲ್ಲಿ ಆ ಎಚ್ಚರಿಕೆ ಸರಿಯೇ, ಆದರೆ ಗಾಳಿಮರ ಪೈನ್ ಅಲ್ಲ. ಸೂಜಿ ಎಲೆ ಅಂತ ಕಾಣೋದು ಎಲೆಯೇ ಅಲ್ಲ, ಗಂಟು ಗಂಟಾದ ಹಸಿರು ಕಡ್ಡಿ. ನಿಜವಾದ ಎಲೆ ಆ ಗಂಟುಗಳ ಸುತ್ತ ಹಲ್ಲಿನ ಹಾಗೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಚಿಕ್ಕದು. ಚಿಕ್ಕವರಿದ್ದಾಗ ಆ ಕಡ್ಡಿಯನ್ನು ಒಂದು ಗಂಟಿನಲ್ಲಿ ಕಿತ್ತು ಮತ್ತೆ ಸೇರಿಸಿ “ಎಲ್ಲಿ ಮುರಿದೆ ಹೇಳು ನೋಡೋಣ” ಅಂತ ಆಡಿದವರಿಗೆ ಇದು ಪಾಠ ಮಾಡದೆಯೇ ಗೊತ್ತು. ಪೈನಿನ ಕಾಯಿಯ ಹಾಗೆ ಕಾಣುವ ಪುಟ್ಟ ಕಾಯಿ ಇದ್ದರೂ ಇದು ಹೂಬಿಡುವ ಗಿಡಗಳ ಗುಂಪಿನದು, ಗಟ್ಟಿ ಮರ. ಪೈನಿನ ಲಿಗ್ನಿನ್‌ನಿಂದ ಗ್ವಾಯಕಾಲ್ ಬರುತ್ತದೆ, ಸಿರಿಂಗಾಲ್ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿ ಮರಗಳಿಂದ ಎರಡೂ ಬರುತ್ತವೆ.

ಇನ್ನು ಅದರ ಕಾವು. ಒಂದು ಕೆಜಿ ಗಾಳಿಮರದ ಕಟ್ಟಿಗೆ ಸುಮಾರು 5000 ಕಿಲೋಕ್ಯಾಲರಿ ಕೊಡುತ್ತದೆ, ಅದರ ಇದ್ದಿಲು 7000ಕ್ಕೂ ಹೆಚ್ಚು. 1980ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಹೊರತಂದ ಉರುವಲು ಬೆಳೆಗಳ ಪುಸ್ತಕದಲ್ಲಿ ಜಗತ್ತಿನ ಅತ್ಯುತ್ತಮ ಉರುವಲು ಎಂಬ ಹೆಸರು ಇದಕ್ಕಿರುವುದು ದಾಖಲಾಗಿದೆ. ಹಿಕರಿಯ ನಾಡಿನವರೇ ಕೊಟ್ಟ ಸರ್ಟಿಫಿಕೇಟು! ಮರ ತೂಕದ್ದು, ನಿಧಾನ ಉರಿಯುತ್ತದೆ, ಕೆಂಡ ಬೇಗ ಬೂದಿಯಾಗಿ ಕುಸಿಯುವುದಿಲ್ಲ. ಬೂದಿ ಕೂಡ ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ. ಮೂವತ್ತು ಜನಕ್ಕೆ ಸರದಿ ಮೇಲೆ ಮೀನು ಸುಡಬೇಕಾದಾಗ ಈ ಗುಣವೇ ಬೇಕು.

ಹಾಗಂತ ಬೀಚಿಗೆ ಕತ್ತಿ ಹಿಡಿದು ಹೋಗಬೇಡಿ. ಅಲ್ಲಿನ ತೋಪು ಈಗ ಮರಳು ಹಿಡಿದಿಡುವ ಕೆಲಸ, ಗಾಳಿ ತಡೆಯುವ ಕೆಲಸ ಮಾಡ್ತಿದೆ. ಉದುರಿದ ಕಡ್ಡಿ ಆರಿಸುವುದಕ್ಕೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಆರಿಸಬೇಕು. ಖಾಸಗಿ ಜಾಗದಲ್ಲಿ ಬೆಳೆದ ಗಾಳಿಮರ, ಅಕೇಶಿಯಾ ಎರಡೂ ಕಟ್ಟಿಗೆ ಮಾರುವವರ ಹತ್ತಿರ, ಸಾಮಿಲ್ಲಿನಲ್ಲಿ ಸಿಗುತ್ತವೆ. ಅಕೇಶಿಯಾವನ್ನು ಪರಿಸರದವರು ಬೈಯುವುದು ನಮಗೂ ಗೊತ್ತು, ಆ ಬೈಗುಳದಲ್ಲಿ ಹುರುಳೂ ಇದೆ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಅದನ್ನೇ ಸಾಲು ಸಾಲಾಗಿ ನೆಟ್ಟು ಮಿಕ್ಕ ಗಿಡಕ್ಕೆ ಜಾಗವಿಲ್ಲದ ಹಾಗೆ ಮಾಡಿದ್ದು ಸಣ್ಣ ತಪ್ಪೇನಲ್ಲ. ಆದರೆ ಕಡಿದು ಬಿದ್ದ ಅಕೇಶಿಯಾ ಒಲೆಗೆ ಒಳ್ಳೆಯದೇ. ಹೊಗೆ ಕಡಿಮೆ, ಕಿಡಿ ಸಿಡಿಯುವುದೂ ಕಡಿಮೆ.

ಗಾಳಿಮರ ಸಿಗದವರಿಗೆ ತೆಂಗು ಇದ್ದೇ ಇದೆ. ಅಂಕೋಲೆಯ ನಮ್ಮಿಬ್ಬರ ಮನೆಯಲ್ಲೂ ಬಚ್ಚಲ ಒಲೆ ಇವತ್ತಿಗೂ ತೆಂಗಿನ ಮಡಲು, ಸಿಪ್ಪೆ, ಕರಟದಲ್ಲೇ ಉರಿಯೋದು. ಮೂರರದ್ದೂ ಸ್ವಭಾವ ಬೇರೆ. ಒಣ ಮಡಲು ಭರ್ರನೆ ಹತ್ತಿ ಭರ್ರನೆ ಮುಗಿಯುತ್ತದೆ, ಬೆಂಕಿ ಹೊತ್ತಿಸುವುದಕ್ಕೆ ಮಾತ್ರ ಸರಿ. ಕರಟ ಮೊದಲು ಎಣ್ಣೆ ಹಾಕಿದ ಹಾಗೆ ಧಗಧಗ ಉರಿದು ಕಪ್ಪು ಹೊಗೆ ಬಿಡುತ್ತದೆ, ಆ ಹಂತದಲ್ಲಿ ಮೇಲೆ ಏನನ್ನೂ ಇಡಬಾರದು. ಉರಿ ತಗ್ಗಿದ ಮೇಲೆ ಉಳಿಯುವ ಕೆಂಡ ಮಾತ್ರ ಚಿನ್ನ. ಇದೇ ಕರಟದ ಇದ್ದಿಲಿನಿಂದ ನೀರು ಶುದ್ಧ ಮಾಡುವ ಆಕ್ಟಿವೇಟೆಡ್ ಕಾರ್ಬನ್ ತಯಾರಾಗುತ್ತದೆ ಅಂತ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಓದಿ ಮರೆತಿರುತ್ತೀರಿ. ಸಿಪ್ಪೆ ಉರಿಯುವುದೇ ಇಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಸಂಜೆ ಸೊಳ್ಳೆ ಓಡಿಸಲು ದನದ ಕೊಟ್ಟಿಗೆಯಲ್ಲಿ ಹಾಕುವುದು ಇದನ್ನೇ. ಮೀನಿಗೆ ಹೊಗೆಯ ವಾಸನೆ ಬೇಕೇ ಬೇಕು ಅನ್ನುವವರು ಕೊನೆಯ ಎರಡು ನಿಮಿಷ ಒಂದು ಹಿಡಿ ಒಣ ಸಿಪ್ಪೆಯನ್ನು ಕೆಂಡದ ಅಂಚಿಗೆ ಹಾಕಿ, ಮೇಲೆ ಬೋಗುಣಿ ಕವುಚಿ ಇಡಿ. ಇದಕ್ಕಿಂತ ಹೆಚ್ಚು ಚಕ್ಕೆಯ ಪ್ಯಾಕೆಟ್ಟೂ ಕೊಡಲಾರದು. ಲಕ್ಷದ್ವೀಪದಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಕಟ್ಟಿಗೆಯ ಹಾಗೆ ಗಟ್ಟಿಯಾಗುವ ‘ಮಾಸ್’ ಮಾಡ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ.

ನಮ್ಮ ಕಡೆ ಮೀನನ್ನು ಹೀಗೆ ಹೊಗೆಗೆ ಹಾಕುವ ರೂಢಿ ದೊಡ್ಡದಾಗಿ ಬೆಳೆಯಲಿಲ್ಲ, ಏಕೆಂದರೆ ಉಪ್ಪೂ ಇತ್ತು ಬಿಸಿಲೂ ಇತ್ತು. ಒಣಮೀನು ಅದರಿಂದಲೇ ಆಗುತ್ತಿತ್ತು. ಹೊಗೆಯ ಕೆಲಸ ಮಳೆಗಾಲದಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನು, ಮುರುಗಲ ಸಿಪ್ಪೆ, ಬೀಜದ ಸೌತೆಕಾಯಿ ಎಲ್ಲವೂ ಹೊಗೆ ಕುಡಿಯುತ್ತ ಕೂತಿರುತ್ತಿದ್ದವು, ಬೂಸ್ಟು ಬಾರದ ಹಾಗೆ. ಕೊಡಗಿನಲ್ಲಿ ಮಾಂಸವನ್ನೇ ಒಲೆಯ ಮೇಲೆ ಕಟ್ಟಿ ಒಣಗಿಸುತ್ತಿದ್ದರು. ಅಲ್ಲೆಲ್ಲ ಯಾರೂ ಇದು ಇಂಥ ಮರದ ಹೊಗೆ ಅಂತ ಹೆಸರಿಟ್ಟು ಮಾರಲಿಲ್ಲ. ಆದರೆ ಯಾವ ಮರದ್ದು ಬೇಡ ಅನ್ನೋದು ಮಾತ್ರ ಮನೆಯ ಹೆಂಗಸರಿಗೆ ಖಚಿತವಾಗಿ ಗೊತ್ತಿತ್ತು. ನಾವು ಕಳೆದುಕೊಳ್ತಿರುವುದು ಈ ‘ಬೇಡ’ದ ಪಟ್ಟಿಯನ್ನು. ಆ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ, ಬೇಜಾರು ಮಾಡ್ಕೋಬೇಡಿ.

ಗೇರಿನಿಂದ ಶುರುಮಾಡೋಣ. ಬೇಸಿಗೆಯಲ್ಲಿ ಗೇರುಬೀಜ ಸುಟ್ಟು ತಿಂದು ತುಟಿ ಸುಟ್ಟುಕೊಳ್ಳದ ಕರಾವಳಿಯ ಮಕ್ಕಳಿಲ್ಲ. ಬೀಜದ ಸಿಪ್ಪೆಯಲ್ಲಿರುವ ಗೇರೆಣ್ಣೆ ಚರ್ಮ ಸುಡುತ್ತದೆ, ಅದರ ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಕೆಲವರು ಗೇರುಬೀಜದ ಸಿಪ್ಪೆ ಒಳ್ಳೆ ಉರಿಯುತ್ತದೆ ಅಂತ ಚೀಲಗಟ್ಟಲೆ ತರುತ್ತಾರೆ. ಉರಿಯುವುದು ನಿಜ, ಅದರ ಮೇಲೆ ತಿನ್ನುವ ವಸ್ತು ಇಡಬಾರದು ಅಷ್ಟೆ. ಇದೇ ಕುಟುಂಬದ ಇನ್ನೊಂದು ಮರ ಹೊಳೆಗೇರು. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಕಾಡಿನಂಚಿನಲ್ಲಿ ಬಿದ್ದ ಕೊಂಬೆ ಆರಿಸುವಾಗ ಗುರುತು ಗೊತ್ತಿಲ್ಲದವರು ಇದನ್ನೂ ಹೊತ್ತು ತರಬಹುದು. ಕಾಸರಕವೂ ನಮ್ಮ ಗುಡ್ಡಗಳಲ್ಲಿ ಧಾರಾಳ. ಅದರ ಬೀಜದಲ್ಲೇ ಸ್ಟ್ರಿಕ್ನಿನ್ ಎಂಬ ಭಯಂಕರ ವಿಷ ಇರೋದು. ಅಂಗಳದ ಕಣಗಿಲೆಯ ಗೆಲ್ಲನ್ನು ಕೋಳಿ ಚುಚ್ಚುವ ಕಡ್ಡಿ ಮಾಡಿಕೊಳ್ಳುವ ಬುದ್ಧಿವಂತಿಕೆಯನ್ನಂತೂ ಯಾರೂ ಮಾಡಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ.

ಮಾವು? ಅಂಕೋಲೆಯವರಿಗೆ ಮಾವು ಅಂದರೆ ಕರಿ ಈಶಾಡು, 2023ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಮಾವಿನ ಕಟ್ಟಿಗೆ ಅಂದರೆ ನಮ್ಮ ಕಡೆ ಹಲವು ಮನೆಗಳಲ್ಲಿ ನೆನಪಾಗುವುದು ಚಿತೆ. ಸುಡುವ ಗುಣದಲ್ಲಿ ಚೆನ್ನಾಗಿ ಒಣಗಿದ ಮಾವಿಗೆ ದೊಡ್ಡ ತಕರಾರಿಲ್ಲ, ಕೆಂಡ ಬೇಗ ಮುಗಿಯುತ್ತದೆ ಅಷ್ಟೆ. ಆದರೂ ಅಜ್ಜಿ ಬೇಡ ಅಂದರೆ ಬೇಡ. ಪ್ರತಿಯೊಂದಕ್ಕೂ ಕ್ಯಾಲರಿ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ಕಾಡಿನ ವಿಷಕ್ಕಿಂತ ಹತ್ತು ಪಟ್ಟು ನಮ್ಮನ್ನು ಹೆದರಿಸುವುದು ಬೀಚಿನಲ್ಲಿ, ಬಂದರಿನಲ್ಲಿ, ಮತ್ತು ಕ್ಷಮಿಸಿ, ನಮ್ಮ ಲ್ಯಾಬಿನ ಹಿಂದೆ ಬಿದ್ದಿರುವ ಮರ. ಮಾಜಾಳಿಯಿಂದ ಬೇಲೆಕೇರಿಯವರೆಗೆ ದಂಡೆಯಲ್ಲಿ ಹಳೆ ದೋಣಿಯ ಹಲಗೆ ನೋಡಿದ್ದೀರಲ್ಲ. ಪ್ರವಾಸಿಗರು ರಾತ್ರಿ ಬೆಂಕಿ ಹಾಕಿ ಕೋಳಿ ಸುಡುವುದಕ್ಕೆ ಅದನ್ನೇ ಮುರಿದುಕೊಂಡದ್ದನ್ನು ನಾವು ಒಂದಲ್ಲ ನಾಲ್ಕು ಸಲ ನೋಡಿದ್ದೇವೆ. ದೋಣಿಗೆ ಹುಳ ಹಿಡಿಯಬಾರದು ಅಂತ ಹಿಂದಿನವರು ಗೇರೆಣ್ಣೆ, ಮೀನೆಣ್ಣೆ ಬಳಿಯುತ್ತಿದ್ದರು. ಈಚಿನ ದೋಣಿಗೆ ತಳದಲ್ಲಿ ಜೀವಿಗಳನ್ನು ಕೊಲ್ಲುವ ಬಣ್ಣ, ಮೇಲೆ ಫೈಬರ್ ಪದರ. ಹುಳ ಸಾಯಲಿ ಅಂತ ಬಳಿದದ್ದರ ಹೊಗೆಯನ್ನು ಕೋಳಿಗೆ ಹಿಡಿಸಿ ತಿನ್ನುವುದು ಎಂಥ ರುಚಿ! ಕಡಲು ತಂದು ಹಾಕಿದ ಕೊರಡು ನೋಡಲು ನಯವಾಗಿ, ಬೆಳ್ಳಗೆ, ಆಹಾ ಅನ್ನುವ ಹಾಗಿರುತ್ತದೆ. ಅದು ಉಪ್ಪು ಕುಡಿದ ಮರ. ಉರಿಸಿದಾಗ ಉಪ್ಪಿನ ಕ್ಲೋರಿನ್‌ನಿಂದ ಡಯಾಕ್ಸಿನ್ ಗುಂಪಿನ ವಿಷ ಹುಟ್ಟಬಹುದು. ಅದು ಮನೆ ಅಲಂಕಾರಕ್ಕೆ ಇರಲಿ.

ಲ್ಯಾಬಿಗೆ ಯಂತ್ರ ಬಂದ ಪೆಟ್ಟಿಗೆಗಳ ಕತೆ ಇನ್ನೂ ಸ್ವಾರಸ್ಯ. ಹೊರದೇಶದಿಂದ ಬರುವ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳ ಮೇಲೆ ತೆನೆಯ ಚಿತ್ರದ ಒಂದು ಮುದ್ರೆ ಇರುತ್ತದೆ. ಅದರ ಪಕ್ಕ ‘ಎಚ್‌ಟಿ’ ಅಂತಿದ್ದರೆ ಹುಳ ಸಾಯಲು ಮರವನ್ನು ಬಿಸಿ ಮಾಡಿದ್ದಾರೆ, ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೊಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದಾರೆ. ಯಾವುದೇ ಇರಲಿ, ಸಾಮಾನ್ಯವಾಗಿ ಅದು ಪೈನ್, ಜೊತೆಗೆ ದಾರಿಯಲ್ಲಿ ಅದರ ಮೇಲೆ ಯಾವ ಎಣ್ಣೆ ಚೆಲ್ಲಿದೆಯೋ ದೇವರೇ ಬಲ್ಲ. ಪ್ಲೈವುಡ್ಡಿನ ಚೂರುಗಳಲ್ಲಿ ಫಾರ್ಮಾಲ್ಡಿಹೈಡ್ ಅಂಟು. ಬಡಗಿಯ ಅಂಗಡಿಯ ಸಾಗವಾನಿ ಚೂರಿಗೆ ಪಾಲಿಶ್ ಆಗಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಒಂದೇ ನಿಯಮ: ಒಮ್ಮೆ ಬೇರೆ ಕೆಲಸ ಮಾಡಿ ಬಂದ ಮರ ಒಲೆಗೆ ಬೇಡ. ಮೊಳೆ ಇದ್ದರೆ, ಬಣ್ಣ ಇದ್ದರೆ, ಮುದ್ರೆ ಇದ್ದರೆ ಮುಟ್ಟಬೇಡಿ.

ಮರ ಸರಿಯಾದದ್ದೇ ಸಿಕ್ಕಿತು ಅಂದುಕೊಳ್ಳಿ. ಅದು ಹಸಿಯಾಗಿದ್ದರೆ? ನಾವು ಎಂಜಿನಿಯರಿಂಗ್ ಓದುವವರು, ಒಂದು ಲೆಕ್ಕವಾದರೂ ಇಲ್ಲದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಆಗಷ್ಟೇ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರು. ಒಂದು ಕೆಜಿ ಹಸಿ ಕಟ್ಟಿಗೆಯಲ್ಲಿ ಅರ್ಧ ಕೆಜಿ ನೀರು ಅಂತ ಇಟ್ಟುಕೊಳ್ಳಿ. ಅದನ್ನು 25ರಿಂದ 100 ಡಿಗ್ರಿಗೆ ಕಾಯಿಸಿ ಆವಿ ಮಾಡಲು ಸುಮಾರು 1285 ಕಿಲೋಜೂಲ್ ಬೇಕು. ಉಳಿದ ಅರ್ಧ ಕೆಜಿ ಒಣ ಮರ ಕೊಡುವುದು 9000 ಕಿಲೋಜೂಲ್ ಆಸುಪಾಸು. ಅಂದರೆ ನೂರರಲ್ಲಿ ಹದಿನಾಲ್ಕು ಪಾಲು ಬರೀ ನೀರಿಗೆ ಹೋಯಿತು. ನಷ್ಟ ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ನೀರು ಬೆಂಕಿಯನ್ನೂ ತಣ್ಣಗೆ ಮಾಡುತ್ತದೆ, ಮರದ ಅನಿಲ ಪೂರ್ತಿ ಉರಿಯದೆ ದಟ್ಟ ಬಿಳಿ ಹೊಗೆಯಾಗಿ ಮೇಲೇಳುತ್ತದೆ. ಆ ಹೊಗೆಯ ಡಾಂಬರು ಕೂತ ಮೀನು ಕಹಿ. ಅಂಕೋಲೆಯ ನಮ್ಮಲ್ಲೊಬ್ಬನ ಅಜ್ಜಿ ಇದನ್ನೇ ಯಾವ ಲೆಕ್ಕವೂ ಇಲ್ಲದೆ ಹೇಳ್ತಾರೆ: “ಹಸಿ ಕಟ್ಟಿಗೆ ಒಲೆಗೆ ಹಾಕಿದ್ರೆ ಬೆಂಕಿ ಕಣ್ಣಲ್ಲಿ ಉರೀತದೆ ಮಗಾ, ಒಲೇಲಲ್ಲ.”

ಒಣಗಿದೆಯೋ ಇಲ್ಲವೋ ಅಂತ ನೋಡಲು ಯಂತ್ರ ಬೇಕಿಲ್ಲ. ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇಲ್ಲ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ತಾನಾಗಿ ಬಿಡುತ್ತಿರಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿದು. ಬೇಸಿಗೆಯಲ್ಲೇ ಸೀಳಿ ಸೂರಿನಡಿ ಪೇರಿಸಿದ ಕಟ್ಟಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಾಳಿಮರ ಹಸಿಯಾಗಿದ್ದರೂ ಉರಿಯುತ್ತದೆ ಅಂತ ಅದಕ್ಕೊಂದು ಹೆಸರಿದೆ, ನಿಜ. ಬಚ್ಚಲೊಲೆಗೆ ಆ ಗುಣ ಸಾಕು, ಮೀನಿಗೆ ಸಾಲದು. ಇನ್ನು, ಚಕ್ಕೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಹಾಕಿ ಅಂತ ಪ್ಯಾಕೆಟ್ ಮಾರುವವರೇ ಹೇಳ್ತಾರೆ. ಮೇಲಿನ ಲೆಕ್ಕ ಓದಿದ ಮೇಲೂ ನೆನೆಸುವವರಿದ್ದರೆ ಥರ್ಮೊಡೈನಾಮಿಕ್ಸ್ ಪೇಪರಿನಲ್ಲಿ ಅವರಿಗೆ ದೇವರು ಒಳ್ಳೆಯದು ಮಾಡಲಿ.

ಇಷ್ಟು ಬರೆದ ಮೇಲೆ ಒಂದು ಮುಜುಗರದ ವಿಷಯಕ್ಕೂ ಬರಬೇಕು. ಈ ಲೇಖನದ ಕರಡು ಓದಿದ ಒಬ್ಬ ಗೆಳತಿ ಕೇಳಿದಳು: “ಹೊಗೆ ಅಷ್ಟು ರುಚಿ ಅಂತ ಬರೀತೀರಲ್ಲ, ನಿಮ್ಮ ಅಮ್ಮನ್ನ ಕೇಳಿದ್ರಾ?” ಒಲೆ ಹೊಗೆಯಲ್ಲಿ ಕೆಮ್ಮಿದವರಿಗೆ ಅದು ಹವ್ಯಾಸವಾಗಿರಲಿಲ್ಲ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರ್ ಮನೆಮನೆಗೆ ತಲುಪತೊಡಗಿದಾಗ ನಮ್ಮ ಊರುಗಳಲ್ಲಿ ಅದನ್ನು ಬೇಡ ಅಂದ ಹೆಂಗಸರು ನಮಗೆ ಗೊತ್ತಿಲ್ಲ. ನಮ್ಮ ಉತ್ತರ ಹೀಗೆ: ಒಲೆಯನ್ನು ವಾಪಸ್ ತನ್ನಿ ಅಂತ ನಾವು ಹೇಳ್ತಿಲ್ಲ. ವರ್ಷಕ್ಕೊಮ್ಮೆ ಬಯಲಲ್ಲಿ ಕೆಂಡ ಹಾಕುವ ನಾವು, ದಿನವೂ ಒಲೆ ಮುಂದೆ ಕೂತವರಿಂದ ಕೇಳಿ ಕಲಿಯಬೇಕು ಅಂತಷ್ಟೇ ಹೇಳ್ತಿದ್ದೇವೆ. ಹೊಗೆ ಕಡಿಮೆ ಮಾಡುವ ವಿದ್ಯೆ ಅವರದ್ದೇ, ಏಕೆಂದರೆ ಹೊಗೆ ನುಂಗಿದವರೂ ಅವರೇ. ಯೂಟ್ಯೂಬಿನಲ್ಲಿ ದಪ್ಪ ಬಿಳಿ ಹೊಗೆ ತೋರಿಸಿ “ವಾವ್” ಅನ್ನುವವರನ್ನು ನೋಡಿದರೆ ಅವರಿಗೆ ನಗು ಬರುತ್ತದೆ.

ತಿನ್ನುವವರ ಮಟ್ಟಿಗೂ ಇದು ಸುಮ್ಮನೆ ಮಾತಲ್ಲ. ಎಣ್ಣೆ ತೊಟ್ಟಿಕ್ಕಿ ಉರಿ ಭಗ್ಗನೆ ಎದ್ದಾಗ, ಮರ ಅರ್ಧಂಬರ್ಧ ಉರಿದಾಗ, ಬೆಂಜೊಪೈರೀನ್‌ನಂಥ ಕ್ಯಾನ್ಸರ್ ತರುವ ವಸ್ತುಗಳು ಹುಟ್ಟುತ್ತವೆ. ಹೊಗೆಯಾಡಿಸಿದ ಮಾಂಸದಲ್ಲಿ ಇದು ಕೆಜಿಗೆ 2 ಮೈಕ್ರೊಗ್ರಾಂ ಮೀರಬಾರದು ಅಂತ ಐರೋಪ್ಯ ಒಕ್ಕೂಟ 2014ರಿಂದ ಮಿತಿ ಹಾಕಿದೆ. ವರ್ಷಕ್ಕೊಂದು ಸಂಜೆಗೆ ಹೆದರಿ ಓಡಬೇಕಿಲ್ಲ. ಬಾಳೆಲೆ ಹಾಸಿ ಸುಡುವ ನಮ್ಮ ಹಳೆ ಉಪಾಯದಲ್ಲಿ ಎಣ್ಣೆ ಕೆಂಡಕ್ಕೆ ಬೀಳುವುದೇ ಇಲ್ಲ ಅನ್ನೋದನ್ನು ಮಾತ್ರ ನೆನಪಿಡಿ. ಘಮ ಸ್ವಲ್ಪ ಕಡಿಮೆ, ಮೀನು ಮಾತ್ರ ಬೆಣ್ಣೆ. ಕರ್ರಗೆ ಸುಟ್ಟ ಚರ್ಮವನ್ನು ತೆಗೆದು ತಿನ್ನಿ. ಮಳೆ ಬಂತು ಅಂತ ಕೆಂಡದ ಬಾಣಲೆಯನ್ನು ಕೋಣೆಯೊಳಗೆ ಎತ್ತಿಕೊಂಡು ಹೋಗುವ ಕೆಲಸವನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ಹೊಗೆಯಿಲ್ಲದ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ನಿಮಗೆಲ್ಲ ಗೊತ್ತು. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಸಮುದಾಯದ ಆ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ ಸಾವಿರಾರು ಸಸಿ ಬೆಳೆಸಿದರು. ಯಾವ ತಾಯಿಮರದ ಬೀಜ ಯಾವಾಗ ತರಬೇಕು ಅನ್ನೋದು ಅವರ ಕಣ್ಣಿಗೆ, ಕೈಗೆ ಗೊತ್ತಿತ್ತು. 2020ರ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದ ಅವರ ಚಿತ್ರವನ್ನು ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡಾಗ ಮತ್ತೊಮ್ಮೆ ಹಾಕಿಕೊಂಡೆವು. ಹಾಗೆ ಹಾಕಿಕೊಂಡ ನಮ್ಮಲ್ಲಿ ಎಷ್ಟು ಜನ ಕಾಲೇಜಿನ ಕಂಪೌಂಡಿನೊಳಗಿನ ಹತ್ತು ಮರಗಳ ಹೆಸರು ಹೇಳಬಲ್ಲೆವು? ನಾವು ನಾಲ್ವರೂ ಸೇರಿ ಪ್ರಯತ್ನಿಸಿದೆವು. ಏಳಕ್ಕೆ ನಿಂತಿತು, ಅದರಲ್ಲೂ ಎರಡರ ಬಗ್ಗೆ ಜಗಳ. ಕಟ್ಟಿಗೆ ಡಿಪೋದ ಅಣ್ಣ ತೊಗಟೆ ಇಲ್ಲದ ಸೀಳು ನೋಡಿ, ಮೂಗಿಗೆ ಹಿಡಿದು, “ಇದು ಮತ್ತಿ, ಇದು ಜಂಬೆ” ಅಂತ ಹೇಳಿಬಿಡ್ತಾರೆ.

ಕಟ್ಟಿಗೆ ಕೊಂಡರೆ ಮರ ಕಡಿಸಿದ ಹಾಗಲ್ಲವಾ ಅಂತ ಪರಿಸರ ಕ್ಲಬ್ಬಿನವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಡಗಿನಲ್ಲಿ ಸಾವಿರಾರು ಮೈಲಿ ದಾಟಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುವ ಹಿಕರಿಯೂ ಮರವೇ ಅನ್ನೋದು ನಮ್ಮ ಅರ್ಧ ಉತ್ತರ. ಇನ್ನರ್ಧ ಇದು: ಇಪ್ಪತ್ತು ಕೆಜಿ ಗಾಳಿಮರ, ಎರಡು ಚೀಲ ಕರಟಕ್ಕಿಂತ ಹೆಚ್ಚು ನಾವು ಉರಿಸುವುದಿಲ್ಲ, ಮಿಕ್ಕ ಕೆಂಡವನ್ನು ನೀರು ಹಾಕಿ ಇದ್ದಿಲು ಮಾಡಿ ಮುಂದಿನ ವರ್ಷಕ್ಕೆ ಇಡುತ್ತೇವೆ.

ಇನ್ನು ವ್ಯವಸ್ಥೆಯ ಮಾತು. ಬೀಚಿನಲ್ಲಿ ಬೆಂಕಿ ಹಾಕುವುದಿಲ್ಲ, ಹಾಸ್ಟೆಲ್ ಹಿಂದಿನ ಅಂಗಳದಲ್ಲೇ. ಐದು ಗಂಟೆಗೆ ಕಟ್ಟಿಗೆ ಹೊತ್ತಿಸಿದರೆ ಆರಕ್ಕೆ ಬೂದಿ ಕವಿದ ಕೆಂಡ ಸಿದ್ಧ. ಅಷ್ಟರವರೆಗೆ ಯಾರೂ ಜಾಲರಿ ಇಡಲು ಅವಸರ ಮಾಡಬಾರದು. ಮೊದಲ ಸರದಿ ಸಸ್ಯಾಹಾರಿ ಗೆಳೆಯರದ್ದು, ಅವರ ಗೆಣಸು, ಬದನೆಕಾಯಿ, ಜೋಳದ ತೆನೆಗೆ ಮೀನಿನ ಎಣ್ಣೆ ತಾಗದ ಹಾಗೆ ಬೇರೆ ಜಾಲರಿ. ಆಮೇಲೆ ಮೀನು. ಕೋಳಿ ಕೊನೆಗೆ, ಯಾಕಂದರೆ ಅದಕ್ಕೆ ಮುಕ್ಕಾಲು ಗಂಟೆ ಬೇಕು, ಕೆಂಡದ ನೇರ ಮೇಲಲ್ಲ, ಪಕ್ಕದಲ್ಲಿ. ಗಾಳಿಮರದ ಸೀಳನ್ನು ಈಗಾಗಲೇ ತಂದು ಶೆಡ್ಡಿನಲ್ಲಿ ಅಡ್ಡಡ್ಡ ಪೇರಿಸಿದ್ದೇವೆ, ನಡುವೆ ಗಾಳಿ ಆಡುವ ಹಾಗೆ. ಮೊದಲ ವರ್ಷದವರು ದಯವಿಟ್ಟು ಅದರ ಮೇಲೆ ಒದ್ದೆ ಟವೆಲ್ ಒಣಹಾಕಬೇಡಿ.